ಒದ್ದೆಯನ್ನು ಮೇಲಕ್ಕೆ ತನ್ನಿ
(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ,

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದನ್ನು ಕಂಡು ಅದರೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಾಗಿತು. ಇದೇನೆಂದು ವಿಚಾರಿಸಿದಾಗ, ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ)ರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದೂ ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆ ನಮಗೆಲ್ಲ ಗೊತ್ತು. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ. ಒದ್ದೆಯನ್ನು ಮುಚ್ಚಿಟ್ಟದ್ದು ತಪ್ಪು.

ಈ ಘಟನೆಯನ್ನು ಇಂದು ನೆನಪಿಸಲು ಕಾರಣವಿದೆ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ 75 ವರ್ಷಗಳಲ್ಲೇ ಅತಿ ಹೆಚ್ಚಿನ ಮಳೆ ಸುರಿಯಿತು. ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಯೊಳಗೆ 254 ಮಿಲಿಮೀಟರ್ ದಾಖಲಾಯಿತು. ದುಬೈ, ಶಾರ್ಜಾದ ರಸ್ತೆಗಳಲ್ಲಿ ಕಾರುಗಳು ಮುಳುಗಿದವು. ನೀರು ಇಳಿದ ಮೇಲೆ ಅಂಥ ಕೆಲವು ಕಾರುಗಳು ತೊಳೆದು, ಒಣಗಿಸಿ, ಹೊಳಪು ಕೊಟ್ಟು ಮಾರಾಟಕ್ಕೆ ಬಂದವು.

ರಿಯಾದ್‌ನಲ್ಲಿ ದುಡಿಯುವ ನಮ್ಮ ಕಡೆಯ ಯುವಕನೊಬ್ಬ ಶಾರ್ಜಾದಲ್ಲಿ ಹಳೆಯ ಕಾರೊಂದನ್ನು ಕೊಂಡ. ಮಾರಿದವನೂ ನಮ್ಮ ಭಾಷೆಯವನೇ. ಇಬ್ಬರೂ ಒಂದೇ ಸಫ್‌ನಲ್ಲಿ ಅಸರ್ ನಮಾಝ್ ಮಾಡಿದರು. ಆ ನಂಬಿಕೆಯಲ್ಲೇ ಮೆಕ್ಯಾನಿಕ್‌ಗೆ ತೋರಿಸದೆ ಹಣ ಎಣಿಸಿ ಕೊಟ್ಟ. ಕಾರು ಗಡಿ ದಾಟಿತು. ಎರಡು ತಿಂಗಳ ಬಳಿಕ ಮರುಭೂಮಿಯ ಹೆದ್ದಾರಿಯಲ್ಲಿ, ನಡು ಮಧ್ಯಾಹ್ನ, ಹೆಂಡತಿ ಮತ್ತು ಹಾಲು ಕುಡಿಯುವ ಮಗು ಒಳಗಿರುವಾಗ ಅದು ನಿಂತೇಬಿಟ್ಟಿತು. ದಾರಿಹೋಕರೊಬ್ಬರು ನಿಲ್ಲಿಸಿ ನೀರು ಕೊಟ್ಟು ಕರೆದೊಯ್ದರು, ಅಲ್‌ಹಮ್ದುಲಿಲ್ಲಾಹ್. ಗ್ಯಾರೇಜಿನಲ್ಲಿ ಕಾರ್ಪೆಟ್ ಎತ್ತಿದಾಗ ಅಡಿಯಲ್ಲಿ ಒಣಗಿದ ಕೆಸರು, ತುಕ್ಕು ಹಿಡಿದ ವಯರ್. ಫೋನ್ ಮಾಡಿದರೆ, 'ನೀನು ಒಯ್ಯುವಾಗ ಚೆನ್ನಾಗಿತ್ತಲ್ಲ' ಎಂಬ ಉತ್ತರ.

ಊರಿನಲ್ಲಿ ಕೊಂಡ ವಸ್ತು ಕೆಟ್ಟರೆ ಮರುದಿನ ಅಂಗಡಿಯ ಮುಂದೆ ನಿಂತು ಕೇಳಬಹುದು. ಗಡಿ ದಾಟಿದ ಕಾರಿಗೆ ಅಲ್ಲಿನ ನೋಂದಣಿ ರದ್ದಾಗಿರುತ್ತದೆ, ಮರಳಿಸುವ ದಾರಿ ಬಲು ಕಷ್ಟ. ಊರಿಗೆ ತರೋಣವೆಂದರೆ, ಭಾರತಕ್ಕೆ ತರುವ ಹಳೆಯ ಕಾರು ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಗಲ್ಫ್‌ನ ಕಾರುಗಳ ಸ್ಟೀರಿಂಗ್ ಎಡಗಡೆ. ಐದು ವರ್ಷ ಮೀರಿದ ಕಾರನ್ನೂ, ನೀರು ಅಥವಾ ಬೆಂಕಿಯಿಂದ ಹಾಳಾದುದನ್ನೂ ಸೌದಿ ಅರೇಬಿಯಾ ಒಳಗೆ ಬಿಡುವುದಿಲ್ಲ. ಆದರೆ ಚೆನ್ನಾಗಿ ಮುಚ್ಚಿದ ಒದ್ದೆ ಗಡಿಯ ಅಧಿಕಾರಿಯ ಕಣ್ಣನ್ನೂ ತಪ್ಪಿಸಬಹುದು. ಅಲ್ಲಾಹನ ದೃಷ್ಟಿಯನ್ನು ತಪ್ಪಿಸಲಾಗದು. ಕೊಂಡವನು ಮರಳಿ ಬರಲಾರನೆಂದು ಗೊತ್ತಿರುವಾಗ, ಸತ್ಯ ಹೇಳುವ ಹೊಣೆ ಇನ್ನಷ್ಟು ಭಾರವಾಗುತ್ತದೆ.

ಕೊಳ್ಳುವವರಿಗೂ ಒಂದು ಮಾತು. ತವಕ್ಕುಲ್ ಎಂದರೆ ಕಣ್ಣು ಮುಚ್ಚುವುದಲ್ಲ. ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಇದೆಯೇ ನೋಡಿ. 17 ಅಕ್ಷರ-ಅಂಕಿಗಳ ಚಾಸಿಸ್ ನಂಬರಿನಿಂದ ಕಾರಿನ ಹಿಂದಿನ ಕಥೆ ಹುಡುಕಿ. ಅಮೆರಿಕದಲ್ಲಿ ವಿಮಾ ಕಂಪೆನಿಗಳು ಕೈಬಿಟ್ಟ ಕಾರುಗಳೂ ಗಲ್ಫ್ ಮಾರುಕಟ್ಟೆಗೆ ಬರುತ್ತವೆ. ಬ್ಯಾಂಕ್ ಸಾಲ, ದಂಡ ಬಾಕಿ ಇದೆಯೇ ವಿಚಾರಿಸಿ. ಮಾತುಕತೆಯನ್ನು ಬರೆದಿಡಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ (2:282) ಕಲಿಸಿರುವಾಗ, ನಮ್ಮವನೇ ಎಂದು ಸಂಕೋಚಪಡುವುದೇಕೆ? ಆದರೆ ತೆರಿಗೆ ಉಳಿಸಲು ರಶೀದಿಯಲ್ಲಿ ಸುಳ್ಳು ಬೆಲೆ ಬರೆಸಬೇಡಿ. ಅದೂ ಮುಚ್ಚಿಟ್ಟ ಒದ್ದೆಯೇ.

ಹ. ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ ಅವರ ಸೇವಕ 300 ದಿರ್ಹಮ್‌ಗೆ ಕುದುರೆಯೊಂದನ್ನು ಗೊತ್ತುಮಾಡಿದ್ದ. ಜರೀರ್(ರ)ರು ಕುದುರೆಯನ್ನು ನೋಡಿ, ಇದು ಇನ್ನೂ ಹೆಚ್ಚು ಬಾಳುತ್ತದೆ ಎಂದು ತಾವಾಗಿಯೇ ಬೆಲೆ ಏರಿಸುತ್ತಾ 800 ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿ(ಸ)ರಿಗೆ ಪ್ರತಿಜ್ಞೆ ಮಾಡಿದ್ದೇನೆ ಎಂದರು. ಅವರು ಕೊಳ್ಳುವವರಾಗಿದ್ದರು! ನಾವು ಮಾರುವಾಗ ಒಂದು ನಿಜವನ್ನಾದರೂ ಹೇಳಲಾರೆವೇ?

ಊರಿನಲ್ಲಿರುವ ತಂದೆ ತಾಯಂದಿರೇ, ಮಗ ಎಷ್ಟು ಕಳುಹಿಸಿದ ಎಂದು ಕೇಳುವಾಗ ಹೇಗೆ ಗಳಿಸಿದ ಎಂದೂ ಕೇಳಿ. ನಮ್ಮ ಮನೆಯ ಅನ್ನದಲ್ಲಿ ಇನ್ನೊಬ್ಬರ ಮಗುವಿನ ಬಾಯಾರಿಕೆ ಬೆರೆಯದಿರಲಿ.

ಅಲ್ಲಾಹನು ನಮ್ಮ ಗಳಿಕೆಯನ್ನು ಹಲಾಲ್ ಆಗಿಸಲಿ, ಅದರಲ್ಲಿ ಬರಕತ್ ನೀಡಲಿ. ಆಮೀನ್.