ನೋವಿಗೆ ಜೊತೆಗಾರ: ರಾಯಚೂರಿನ ಪಂಡಿತ ತಾರಾನಾಥ

(ಪತ್ರಿಕಾ ದಿನದ ಅಂಗವಾಗಿ ರಾಯಚೂರಿನಲ್ಲಿ ಕಿರಿಯ ವರದಿಗಾರರ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಜುಲೈ 1 ನಮ್ಮ ಹಬ್ಬದ ದಿನ. 1843ರಲ್ಲಿ ಇದೇ ದಿನ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅದು. ಇಂಥ ದಿನ ಮೋಗ್ಲಿಂಗರನ್ನು ನೆನೆಯುವುದು ರೂಢಿ. ನಾನು ಅದೇ ಮಂಗಳೂರಿನಿಂದ ಹೊರಟು ನಮ್ಮ ರಾಯಚೂರಿಗೆ ಬಂದು ನಿಂತ ಇನ್ನೊಬ್ಬರನ್ನು ನೆನೆಯಲು ಬಯಸುತ್ತೇನೆ. ಅವರು ಪಂಡಿತ ತಾರಾನಾಥರು.

ಅವರ ಹೆಸರು ಈ ಊರಿಗೆ ಹೊಸದಲ್ಲ. ಹಮ್‌ದರ್ದ್ ಶಾಲೆಯ ಮುಂದೆ ದಿನವೂ ಓಡಾಡುತ್ತೇವೆ. ತಾರಾನಾಥ ಶಿಕ್ಷಣ ಸಂಸ್ಥೆಯ ಕಾಲೇಜುಗಳಲ್ಲಿ ನಮ್ಮಲ್ಲಿ ಎಷ್ಟೋ ಜನ ಓದಿದ್ದೇವೆ. ಆದರೆ ಅವರು ಪತ್ರಿಕೆ ನಡೆಸಿದವರೂ ಹೌದು ಎಂಬುದು ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಬಂದ ಮೇಲೂ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ನನ್ನದೊಂದು ತಪ್ಪಿನ ಬೆನ್ನು ಹತ್ತಿ ಹೋದಾಗ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದು. ದೇವದುರ್ಗದಲ್ಲಿ ಒಂದು ಸಭೆಯ ವರದಿ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹೆಗಲಿಗೆ ಟವಲು ಹಾಕಿದ ಮುದುಕರೊಬ್ಬರು ನನ್ನ ಕೈಯಲ್ಲಿದ್ದ ಪುಸ್ತಕ, ಪೆನ್ನು ನೋಡಿ ಹತ್ತಿರ ಬಂದರು. ಮಡಚಿದ ಕಾಗದವೊಂದನ್ನು ಬಿಚ್ಚಿ, ‘ತಮ್ಮಾ, ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳಪಾ’ ಅಂದರು. ಅಷ್ಟರಲ್ಲಿ ರಾಯಚೂರಿನ ಬಸ್ಸು ಬಂತು. ಸುದ್ದಿ ಕಳಿಸುವ ಹೊತ್ತು ಮೀರುತ್ತಿತ್ತು. ‘ಕಚೇರಿಯಲ್ಲಿ ತೋರಿಸ್ರಿ ಅಜ್ಜಾ’ ಎಂದು ಹೇಳಿ ಬಸ್ ಹತ್ತಿದೆ. ಎರಡು ವಾರದ ನಂತರ ಅದೇ ಊರಿನಲ್ಲಿ ಅವರು ಮತ್ತೆ ಸಿಕ್ಕರು. ಅದು ಹೊಲದ ಬಗ್ಗೆ ಬಂದ ನೋಟಿಸು. ತಕರಾರು ಇದ್ದರೆ ಇಂಥ ದಿನದೊಳಗೆ ಬರೆದು ಕೊಡಿ ಎಂದಿತ್ತು. ಆ ದಿನ ದಾಟಿಹೋಗಿತ್ತು. ಅವರು ನನ್ನನ್ನು ಬೈಯಲಿಲ್ಲ. ‘ನಿನಗೂ ಅವಸರ ಇತ್ತು ಬಿಡು’ ಅಂದರು.

ಅಂದಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ಸುದ್ದಿ ಬರೆಯುವವನ ಕೆಲಸ ಸುದ್ದಿ ಬರೆಯುವಲ್ಲಿಗೆ ಮುಗಿಯುತ್ತದೆಯೇ? ಉತ್ತರ ಹುಡುಕುತ್ತ ಹೋದಾಗ ತಾರಾನಾಥರು ಎದುರಾದರು.

ತಾರಾನಾಥರು ಹುಟ್ಟಿದ್ದು 1891ರಲ್ಲಿ. ವೈದ್ಯವಿದ್ಯೆ ಕಲಿಯಲು ಹೈದರಾಬಾದಿಗೆ ಬಂದವರು ಈ ಸೀಮೆಯ ನಂಟು ಬೆಳೆಸಿಕೊಂಡರು. ಆಗ ರಾಯಚೂರು ನಿಜಾಮರ ರಾಜ್ಯದ ಒಂದು ಜಿಲ್ಲೆ. ಕಚೇರಿಯ ಭಾಷೆ ಉರ್ದು, ಕೋರ್ಟಿನ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ದೇಸೀ ಭಾಷೆಯೊಂದರಲ್ಲಿ ವಿಶ್ವವಿದ್ಯಾಲಯದ ಪಾಠ ನಡೆಸಿದ್ದು ಆ ಕಾಲಕ್ಕೆ ದೊಡ್ಡ ಸಾಹಸವೇ. ಆದರೆ ಮಾನ್ವಿಯ ರೈತನಿಗೆ ಅದು ತನ್ನ ಮನೆಮಾತಲ್ಲ. ಅವನ ಹೊಲದ ಕಾಗದ ಅವನಿಗೇ ಓದಲು ಬಾರದ ಲಿಪಿಯಲ್ಲಿ ಇರುತ್ತಿತ್ತು. ದೇವದುರ್ಗದ ಬಸ್‌ಸ್ಟ್ಯಾಂಡಿನ ಅಜ್ಜನ ಕಷ್ಟ ಅವರ ಅಜ್ಜನ ಕಾಲದಿಂದಲೂ ಬಂದದ್ದು ಎಂದು ನನಗೆ ಅನಿಸುವುದು ಇದಕ್ಕೇ.

ಇಂಥಲ್ಲಿ ತಾರಾನಾಥರು 1920ರಲ್ಲಿ ರಾಷ್ಟ್ರೀಯ ಶಾಲೆಯೊಂದನ್ನು ತೆರೆದರು. ಅಸಹಕಾರ ಚಳವಳಿಯ ವರ್ಷ ಅದು. ಗುಜರಾತ್ ವಿದ್ಯಾಪೀಠ, ಜಾಮಿಯಾ ಮಿಲ್ಲಿಯಾ ಹುಟ್ಟಿದ್ದೂ ಅದೇ ವರ್ಷ. ಆ ಶಾಲೆಗೆ ಅವರು ಇಟ್ಟ ಹೆಸರನ್ನು ಸ್ವಲ್ಪ ನಿಂತು ಗಮನಿಸಬೇಕು. ‘ಹಮ್’ ಎಂದರೆ ಜೊತೆ, ‘ದರ್ದ್’ ಎಂದರೆ ನೋವು. ಹಮ್‌ದರ್ದ್ ಎಂದರೆ ನೋವಿಗೆ ಜೊತೆಯಾಗುವವನು. ಕನ್ನಡ ನಾಡಿನ ಮಕ್ಕಳ ಶಾಲೆಗೆ ಉರ್ದುವಿನಲ್ಲಿ ಬಳಕೆಯಾಗುವ ಪಾರಸಿ ಹೆಸರು! ಆಳುವವರ ಭಾಷೆಯೆಂದು ಅದನ್ನು ಅವರು ದೂರ ಇಡಲಿಲ್ಲ. ಪೇಟೆಯಲ್ಲಿ ಹಿಂದೂಗೂ ಮುಸಲ್ಮಾನನಿಗೂ ಒಟ್ಟಿಗೇ ಅರ್ಥವಾಗುವ ಮಾತನ್ನು ಬಾಗಿಲ ಮೇಲೆ ಬರೆಸಿದರು. ‘ದೀನಬಂಧು ಕಬೀರ’ ಎಂಬ ನಾಟಕ ಬರೆದವರು ಅವರು. ಎರಡೂ ಮತದವರು ತಮ್ಮವನೆಂದುಕೊಂಡ ನೇಕಾರನನ್ನು ರಂಗಕ್ಕೆ ತಂದ ಮನಸ್ಸು, ಶಾಲೆಗೆ ಹಮ್‌ದರ್ದ್ ಎಂದು ಹೆಸರಿಟ್ಟ ಮನಸ್ಸು ಬೇರೆಬೇರೆಯಲ್ಲ.

ರಾಯಚೂರಿನಿಂದ ರೈಲಿನಲ್ಲಿ ತೆಂಕಣಕ್ಕೆ ಹೋದರೆ ತುಂಗಭದ್ರಾ ಹೊಳೆ ಸಿಗುತ್ತದೆ. ಅದರ ಆಚೆ ದಡದಲ್ಲಿ, ಇಂದಿನ ಮಂತ್ರಾಲಯ ರೋಡ್ ನಿಲ್ದಾಣದ ಸೀಮೆಯಲ್ಲಿ, ತಾರಾನಾಥರ ‘ಪ್ರೇಮಾಯತನ’ ಆಶ್ರಮವಿತ್ತು. ಆ ದಡ ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಈಚೆ ದಡದಲ್ಲಿ ಸಾರ್ವಜನಿಕ ಸಭೆ ನಡೆಸಬೇಕಾದರೆ ಮುಂಚಿತವಾಗಿ ಅಪ್ಪಣೆ ಬೇಕು. ‘ಗಸ್ತಿ ನಿಶಾನ್ 53’ ಎಂದು ಹಿರಿಯರು ಹೇಳುವ ಸುತ್ತೋಲೆ ಅದೇ. ಹೊಳೆ ದಾಟಿದರೆ ಆ ಸುತ್ತೋಲೆ ನಡೆಯುತ್ತಿರಲಿಲ್ಲ. ಆಶ್ರಮಕ್ಕೆ ರೋಗಿಗಳು ಬರುತ್ತಿದ್ದರು. ಸಂಗೀತ, ಸಾಹಿತ್ಯದವರೂ ಬರುತ್ತಿದ್ದರು. ತಾರಾನಾಥರು ನಡೆಸುತ್ತಿದ್ದ ಕನ್ನಡ ಮಾಸಪತ್ರಿಕೆಯ ಹೆಸರು ‘ಪ್ರೇಮ’.

ಶಾಲೆ, ವೈದ್ಯ, ನಾಟಕ, ಪತ್ರಿಕೆ: ಒಬ್ಬರಿಗೆ ಇಷ್ಟೆಲ್ಲ ಏಕೆ ಬೇಕಿತ್ತು ಎಂದು ನೀವು ಕೇಳಬಹುದು. ಹೋಲಿಕೆಗೆ ಬೆಂಗಳೂರಿನ ಡಿ.ವಿ. ಗುಂಡಪ್ಪನವರನ್ನು ನೋಡೋಣ. ಅವರೂ ಪತ್ರಿಕೆಯವರು, ಅವರೂ ಸಾರ್ವಜನಿಕ ಸೇವಕರು. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ತೆಗೆದರು. ಮುಂದೆ ಮೈಸೂರು ವಿಧಾನ ಪರಿಷತ್ತಿನ ಸದಸ್ಯರಾದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಮೈಸೂರಿನಲ್ಲಿ 1881ರಿಂದಲೇ ಪ್ರಜಾ ಪ್ರತಿನಿಧಿ ಸಭೆ ಇತ್ತು. ಪತ್ರಿಕೆಯಲ್ಲಿ ಬರೆದದ್ದನ್ನು ಒಯ್ದು ಮುಟ್ಟಿಸಲು ಒಂದು ಬಾಗಿಲು ಇತ್ತು. ಹೈದರಾಬಾದ್ ರಾಜ್ಯದಲ್ಲಿ ಬಡ ರೈತನ ಮಾತು ಒಳಹೋಗುವ ಅಂಥ ಬಾಗಿಲು ಇರಲಿಲ್ಲ. ಮೇಲಾಗಿ ಓದು ಬಲ್ಲವರೂ ಕಡಿಮೆ. ಓದುಗರೇ ಇಲ್ಲದ ಊರಿನಲ್ಲಿ ಪತ್ರಿಕೆ ನಡೆಸುವವನು ಮೊದಲು ಓದುಗರನ್ನು ತಯಾರು ಮಾಡಬೇಕು. ಹಾಗಾಗಿ ಇಲ್ಲಿ ಶಾಲೆ ಪತ್ರಿಕೆಗಿಂತ ಬೇರೆ ಕೆಲಸವಾಗಿರಲಿಲ್ಲ ಎಂದು ನಾನು ತಿಳಿದಿದ್ದೇನೆ.

ಆ ರಾಜ್ಯದಲ್ಲಿ ಬರೆಯುವುದರ ಬೆಲೆ ಏನಿತ್ತೆಂಬುದು ಕೊನೆಗೆ ಘೋರವಾಗಿ ತಿಳಿಯಿತು. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಉರ್ದು ದಿನಪತ್ರಿಕೆ ‘ಇಮ್ರೋಜ್’ನ ಯುವ ಸಂಪಾದಕ ಶೋಯಬುಲ್ಲಾ ಖಾನರನ್ನು ರಜಾಕಾರರು ಕೊಂದರು, ಬರೆಯುವ ಕೈಯನ್ನು ಕತ್ತರಿಸಿದರು. ರಾಜ್ಯ ಭಾರತಕ್ಕೆ ಸೇರಬೇಕೆಂದು ಬರೆದದ್ದೇ ಅವರು ಮಾಡಿದ ಅಪರಾಧ. ಒಂದು ತಿಂಗಳೂ ತುಂಬುವ ಮೊದಲೇ, ಸೆಪ್ಟೆಂಬರ್ 17ರಂದು, ನಿಜಾಮರ ಆಡಳಿತ ಶರಣಾಯಿತು. ತಾರಾನಾಥರು ಆ ದಿನ ನೋಡಲು ಇರಲಿಲ್ಲ. 1942ರಲ್ಲೇ ತೀರಿಕೊಂಡಿದ್ದರು. ಆಗ ಅವರ ಮಗ ರಾಜೀವನಿಗೆ ಹತ್ತು ವರ್ಷ. ತಂದೆಯಿಂದ ಸಂಗೀತದ ಮೊದಲ ಪಾಠ ಕಲಿತ ಆ ಹುಡುಗ ಮುಂದೆ ಸರೋದ್ ವಾದಕ ರಾಜೀವ ತಾರಾನಾಥರಾಗಿ ಹೆಸರಾದರು. 2024ರ ಜೂನ್‌ನಲ್ಲಿ ಅವರೂ ನಮ್ಮನ್ನು ಅಗಲಿದರು.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲ. ಇಡೀ ರಾಜ್ಯದಲ್ಲಿ ನಮಗಿಂತ ಹಿಂದೆ ಇದ್ದದ್ದು ಯಾದಗಿರಿ ಒಂದೇ. ಹಾಗೆಂದು ಇದು ಮಾತು ಬಾರದ ನಾಡಲ್ಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ಸೀಮೆಯದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಅಕ್ಷರ ಬಾರದವರಿಗೂ ಕನ್ನಡದಲ್ಲಿ ಹಾಡಿ ತಿಳಿಸಿದವರು ಅವರು. ಕೇಳುವ ಕಿವಿ ಇಲ್ಲಿ ಎಂದೂ ಇತ್ತು. ಓದಿ ಹೇಳುವವರು ಕಡಿಮೆ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಈ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ‘ಇವತ್ತು ಕಾಗದ ಓದಿ ಹೇಳ್ತಿ, ನಾಳೆ ಕಚೇರಿಗೆ ಜೊತೆಗೆ ಹೋಗ್ತಿ, ನಾಡಿದ್ದು ಕೆಲಸ ಮಾಡಿಸಿಕೊಡು ಅಂತಾರ. ಆಮೇಲೆ ಆ ಕಚೇರಿ ಬಗ್ಗೆ ಹ್ಯಾಂಗ ಬರೀತಿ?’ ಎಂದು ಅವರು ಕೇಳುತ್ತಾರೆ. ಅವರ ಎಚ್ಚರಿಕೆಯಲ್ಲಿ ಹುರುಳಿದೆ. ಪತ್ರಕರ್ತ ದಲ್ಲಾಳಿಯಾಗಿ ಇಳಿದುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ತಾರಾನಾಥರು ಒಬ್ಬರ ಕೆಲಸ ಮಾಡಿಸಿಕೊಟ್ಟು ಹೆಸರು ಗಳಿಸಿದವರಲ್ಲ. ಎಲ್ಲರೂ ಒಳಗೆ ಬರಬಹುದಾದ ಶಾಲೆ ಕಟ್ಟಿದರು. ಕಾಗದ ಓದಿ ಹೇಳುವುದಕ್ಕೂ ಕೆಲಸ ಮಾಡಿಸಿಕೊಡುವುದಕ್ಕೂ ನಡುವೆ ಗೆರೆ ಇದೆ. ಆ ಗೆರೆಯ ಈಚೆ ನಿಂತು ಮಾಡಬಹುದಾದದ್ದು ಬೇಕಾದಷ್ಟಿದೆ.

ನಾನೀಗ ದೇವದುರ್ಗಕ್ಕೋ ಮಾನ್ವಿಗೋ ಹೋದಾಗ ಹಿಂದಿನ ಬಸ್ಸಿಗೆ ಬರುವಂತೆ ಹೊತ್ತು ಇಟ್ಟುಕೊಳ್ಳುತ್ತೇನೆ. ಯಾರಾದರೂ ಕಾಗದ ತಂದರೆ ಓದಿ ಹೇಳುತ್ತೇನೆ. ತಾರೀಖು ಇದ್ದರೆ ಎರಡು ಸಲ ಹೇಳುತ್ತೇನೆ. ಅದೇ ಬಗೆಯ ಕಾಗದ ಹತ್ತು ಜನರ ಕೈಯಲ್ಲಿ ಕಂಡರೆ ಅದು ಸುದ್ದಿ. ಆಗ ಬರೆಯುತ್ತೇನೆ. ಅಜ್ಜನ ಹೊಲದ ವಿಷಯದಲ್ಲಿ ತಡವಾಯಿತು. ಅದನ್ನು ತಿದ್ದಲು ನನ್ನಿಂದಾಗದು.

ನಾಳೆ ಹಮ್‌ದರ್ದ್ ಶಾಲೆಯ ಮುಂದೆ ಹೋಗುವಾಗ ಬೋರ್ಡಿನ ಮೇಲಿನ ಹೆಸರನ್ನು ಒಮ್ಮೆ ಪೂರ್ತಿ ಓದಿರಿ. ನಮ್ಮ ಗುರುತಿನ ಚೀಟಿಯ ಮೇಲೆ ವರದಿಗಾರ ಎಂದು ಬರೆದಿದೆ. ಈ ಜಿಲ್ಲೆಯಲ್ಲಿ ಆ ಕೆಲಸ ಮಾಡುವವನಿಗೆ ಇನ್ನೊಂದು ಹೆಸರನ್ನು ತಾರಾನಾಥರು 1920ರಲ್ಲೇ ಬರೆಸಿಟ್ಟು ಹೋಗಿದ್ದಾರೆ.