ಬೋಲ್ಟು ಕೂತರೆ ಸಾಕೆ?



ಕಾರಿನ ಎಂಜಿನ್ನೂ ನಮ್ಮಂತೆ ಉಸಿರಾಡುತ್ತದೆ. ಆ ಗಾಳಿಯನ್ನು ಪ್ರತಿಯೊಂದು ಸಿಲಿಂಡರಿಗೂ ಹಂಚುವ ಕೊಳವೆಗಳ ಜೋಡಣೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಒಂದು ಎಂಜಿನ್ನಿನದನ್ನು ಇನ್ನೊಂದಕ್ಕೆ ಹೊಂದಿಸಬಹುದೇ?

ಅಮೆರಿಕದ ಫೋರ್ಡ್ ಕಂಪನಿಯ ಎರಡು ವಿ-8 ಎಂಜಿನ್ನುಗಳನ್ನು ನೋಡೋಣ. 1968ರಲ್ಲಿ ಬಂದ 302 ಘನ ಇಂಚಿನದು, 1969ರಲ್ಲಿ ಬಂದ 351 ಘನ ಇಂಚಿನ ವಿಂಡ್ಸರ್. ಎರಡೂ ಒಂದೇ ಮನೆತನದವು. ಆದರೆ ವಿಂಡ್ಸರಿನ ಬ್ಲಾಕ್ ಸುಮಾರು 1.3 ಇಂಚು ಹೆಚ್ಚು ಎತ್ತರ. ಸಿಲಿಂಡರುಗಳ ಎರಡು ಸಾಲುಗಳು 90 ಡಿಗ್ರಿ ಕೋನದಲ್ಲಿ ಓರೆಯಾಗಿರುವುದರಿಂದ ಅವುಗಳ ನಡುವಿನ ಅಗಲವೂ ಬೆಳೆಯುತ್ತದೆ. 1.3ನ್ನು ಎರಡರ ವರ್ಗಮೂಲದಿಂದ ಗುಣಿಸಿ ನೋಡಿ: ಸುಮಾರು 1.8 ಇಂಚು! 302ರ ಮ್ಯಾನಿಫೋಲ್ಡ್ ಅಲ್ಲಿ ನೇರವಾಗಿ ಕೂರುವುದಿಲ್ಲ.

ಈ ಅಂತರ ತುಂಬಲು ಎರಡೂ ಬದಿಗೆ ಅಡಾಪ್ಟರ್ ಎಂಬ ಲೋಹದ ತಟ್ಟೆ ಇಡುತ್ತಾರೆ. ಅದರ ರಂಧ್ರಗಳು ಸಿಲಿಂಡರ್ ಹೆಡ್ಡಿನ ರಂಧ್ರಗಳಿಗೆ ಸರಿಹೊಂದಬೇಕು, ಮೈ ಸಮತಟ್ಟಾಗಿರಬೇಕು, ಎರಡೂ ಮಗ್ಗುಲಿಗೆ ಗ್ಯಾಸ್ಕೆಟ್ ಬೇಕು. ಸಣ್ಣ ಸಂದಿ ಉಳಿದರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಸಾಕು. ಅದು ಮಿತಿಮೀರಿದರೆ ಎಂಜಿನ್ ತಡವರಿಸುತ್ತದೆ. ಭಾರ ಎಳೆಯುವಾಗ ಪಿಸ್ಟನ್, ವಾಲ್ವುಗಳೇ ಸುಟ್ಟುಹೋಗಬಹುದು.

ಆದ್ದರಿಂದ ಬೋಲ್ಟು ಬಿಗಿದ ಮಾತ್ರಕ್ಕೆ ಕೆಲಸ ಮುಗಿಯದು. ನೀವು ಯಾವ ಯಂತ್ರಕ್ಕೆ ಕೈಹಚ್ಚಿದರೂ ಮೊದಲು ಅಳತೆಪಟ್ಟಿ ಹಿಡಿಯಿರಿ, ಸ್ಪ್ಯಾನರ್ ಆಮೇಲೆ.