ಮೊಬೈಲಿನ ‘ಸೆಟ್ಟಿಂಗ್ಸ್’ ಯಾರಿಗಾಗಿ?



ಠಾಣೆ, ಡೊಂಬಿವಲಿ, ಕಲ್ಯಾಣಗಳ ಹೋಟೆಲುಗಳಲ್ಲಿ ದುಡಿಯುವ ನಾವು ಊರಿಗೆ ಹಣ ಕಳಿಸುವುದು ಇಂದು ಮೊಬೈಲಿನಲ್ಲೇ. ಆದರೆ ಅಕ್ಷರ ದೊಡ್ಡದಾಗಬೇಕೆಂದರೆ ‘ಸೆಟ್ಟಿಂಗ್ಸ್’ ಎಂಬ ಕಾಡನ್ನು ಹೊಗಬೇಕು. ಅಂಗಡಿಯವನು ಇಂಗ್ಲಿಷಿನಲ್ಲಿಟ್ಟು ಕೊಟ್ಟಿದ್ದರೆ, ಕನ್ನಡ ಆರಿಸುವ ದಾರಿಯೂ ಇಂಗ್ಲಿಷಿನಲ್ಲೇ! ಕೊನೆಗೆ ಗುರುತಿಲ್ಲದವನ ಕೈಗೆ ಫೋನ್ ಕೊಡುತ್ತೇವೆ. ಅದರೊಳಗೆ ನಮ್ಮ ಪಗಾರವೂ ಇದೆ, ನೆನಪಿರಲಿ.

ಹೋಟೆಲಿನ ಬೋರ್ಡಿನಲ್ಲಿ ಇಡ್ಲಿ, ದೋಸೆ ಎಂದಷ್ಟೇ ಬರೆಯುತ್ತೇವೆ. ಸಾಂಬಾರಿಗೆ ಇಂಗೆಷ್ಟೆಂಬುದು ಅಡಿಗೆ ಭಟ್ಟರ ಲೆಕ್ಕ. ಫೋನ್ ಮಾಡುವವರಿಗೂ ಈ ಉಪಾಯ ಗೊತ್ತು. ಆಂಡ್ರಾಯ್ಡ್ ಫೋನಿನಲ್ಲಿ ‘ಬಿಲ್ಡ್ ನಂಬರ್’ ಎಂಬುದನ್ನು 7 ಸಲ ಒತ್ತಿದ ಮೇಲೆಯೇ ಇಂಜಿನಿಯರುಗಳ ಪಟ್ಟಿ ತೆರೆಯುವುದು. ಸ್ಯಾಮ್‌ಸಂಗ್ ಫೋನಿನಲ್ಲಿ ‘ಈಸಿ ಮೋಡ್’ ಇದೆ. ಹಾಕಿದರೆ ಚಿತ್ರ, ಅಕ್ಷರಗಳು ದೊಡ್ಡವಾಗುತ್ತವೆ. ಆದರೆ ಆ ಸುಲಭವನ್ನು ಇಟ್ಟದ್ದೆಲ್ಲಿ? ಅದೇ ಕಷ್ಟದ ಪಟ್ಟಿಯಲ್ಲಿ, ‘ಡಿಸ್‌ಪ್ಲೇ’ ಒಳಗೆ!

ಉದ್ದ ಪಟ್ಟಿಯನ್ನು ಕಿತ್ತುಹಾಕಿರೆಂದು ನಾನು ಹೇಳೆನು. ಕಂಪ್ಯೂಟರ್ ಕಲಿತ ನಮ್ಮ ಹುಡುಗರಿಗೆ ಅದೂ ಬೇಕು. ಮೊದಲ ಪುಟದಲ್ಲಿ ಭಾಷೆ, ಅಕ್ಷರ, ಸದ್ದು, ಬೀಗ ಈ 4 ಇರಲಿ, ಮಿಕ್ಕದ್ದು ಹಿಂದಿರಲಿ ಎಂಬುದೇ ನಮ್ಮ ಬೇಡಿಕೆ.

ಅಲ್ಲಿಯವರೆಗೆ ಭಾನುವಾರ ಸಂಘದ ಕೋಣೆಗೆ ಫೋನ್ ತನ್ನಿ. ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದಿರುತ್ತದೆ. ದಾರಿ ನಾವು ತೋರಿಸುತ್ತೇವೆ, ಒತ್ತುವವರು ನೀವೇ. ಪಿನ್ ಮಾತ್ರ ನಮಗೂ ಹೇಳಬೇಡಿ.